ಬರಮಾಡಿಕೊಳ್ಳುವವರು ಮೊದಲು, ಟಿಕೆಟ್ ಆಮೇಲೆ

ಶಾಲೆಗೆ ದೊಡ್ಡ ರಜೆ ಹತ್ತಿರವಾಗುತ್ತಿದ್ದಂತೆ, ಬಂಧುಗಳು ಬೇರೆ ಬೇರೆ ದೇಶಗಳಲ್ಲಿ ಹಂಚಿಹೋಗಿರುವ ಮನೆಗಳಲ್ಲಿ ಒಂದು ಪ್ರಶ್ನೆ ಏಳುತ್ತದೆ. ಮಗುವನ್ನು ಅಜ್ಜಿಯ ಹತ್ತಿರವೋ ಚಿಕ್ಕಪ್ಪನ ಹತ್ತಿರವೋ ಕಳುಹಿಸಬೇಕು, ಆದರೆ ಅಪ್ಪ ಅಮ್ಮ ಇಬ್ಬರಿಗೂ ಕೆಲಸ ಬಿಟ್ಟು ಹೊರಡಲಾಗದು. ಹಾಗಿದ್ದರೆ ಮಗು ಒಂಟಿಯಾಗಿ ವಿಮಾನದಲ್ಲಿ ಹೋಗಬಹುದೇ? ಹೋಗಬಹುದು. ಅನೇಕ ಮಕ್ಕಳು ಹೀಗೆ ಹೋಗಿ ಸುಖವಾಗಿ ಬರುತ್ತಾರೆ, ಅದಕ್ಕೆಂದೇ ವಿಮಾನ ಸಂಸ್ಥೆಗಳಲ್ಲಿ ಪ್ರತ್ಯೇಕ ಸೇವೆಯೂ ಇದೆ. ನನ್ನ ತಕರಾರು ಕಳುಹಿಸುವುದರ ಬಗ್ಗೆ ಅಲ್ಲ, ನಾವು ಅದನ್ನು ಏರ್ಪಾಡು ಮಾಡುವ ಕ್ರಮದ ಬಗ್ಗೆ. ಮೊದಲು ಅಗ್ಗದ ಟಿಕೆಟ್ ಹುಡುಕುತ್ತೇವೆ, ಆಮೇಲೆ ಕಾಗದಪತ್ರ ವಿಚಾರಿಸುತ್ತೇವೆ, ಎಲ್ಲ ಮುಗಿದ ಮೇಲೆ ಆ ತುದಿಯಲ್ಲಿ ಮಗುವನ್ನು ಕರೆದುಕೊಂಡು ಹೋಗಲು ಯಾರು ಬರುತ್ತಾರೆ ಎಂದು ಕೇಳುತ್ತೇವೆ. ಈ ಕ್ರಮ ಪೂರ್ತಿ ತಿರುವುಮುರುವಾಗಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲು ಸೇವೆಯ ವಿಚಾರ. ‘ಅನ್‌ಅಕಂಪನೀಡ್ ಮೈನರ್’ (ದೊಡ್ಡವರ ಜೊತೆಯಿಲ್ಲದೆ ಹೋಗುವ ಮಗು) ಎಂಬ ಹೆಸರಿನಲ್ಲಿ ಸಿಗುವ ಈ ಸೌಲಭ್ಯಕ್ಕೆ ಲೋಕಕ್ಕೆಲ್ಲ ಅನ್ವಯಿಸುವ ಒಂದೇ ನಿಯಮವಿಲ್ಲ. 5 ವರ್ಷ ತುಂಬದ ಮಗುವನ್ನು ಸಾಮಾನ್ಯವಾಗಿ ಯಾವ ಸಂಸ್ಥೆಯೂ ಒಂಟಿಯಾಗಿ ಹತ್ತಿಸಿಕೊಳ್ಳುವುದಿಲ್ಲ. 5ರಿಂದ 11 ವರ್ಷದವರಿಗೆ ಹಲವು ಸಂಸ್ಥೆಗಳು ಸೇವೆಯನ್ನು ಕಡ್ಡಾಯ ಮಾಡಿವೆ, 12 ತುಂಬಿದವರಿಗೆ ಅದು ಪೋಷಕರ ಇಚ್ಛೆಗೆ ಬಿಟ್ಟದ್ದು. ಅಮೆರಿಕದ ದೊಡ್ಡ ಸಂಸ್ಥೆಗಳಲ್ಲಿ ಈ ಕಡ್ಡಾಯ 14 ವರ್ಷದವರೆಗೂ ಇದೆ. ಯುರೋಪಿನ ರಯಾನ್‌ಏರ್, ಈಸಿಜೆಟ್‌ನಂಥ ಅಗ್ಗದ ದರದ ಸಂಸ್ಥೆಗಳು ಇಂಥ ಸೇವೆಯನ್ನೇ ಕೊಡುವುದಿಲ್ಲ, 16 ತುಂಬದವರು ಒಂಟಿಯಾಗಿ ಅವುಗಳಲ್ಲಿ ಹೋಗುವಂತಿಲ್ಲ. ಹೀಗಾಗಿ 13 ವರ್ಷದ ಹುಡುಗ ಒಂದು ಸಂಸ್ಥೆಯ ಲೆಕ್ಕದಲ್ಲಿ ಜೊತೆಗಾರ ಬೇಕಾದ ಮಗು, ಇನ್ನೊಂದರಲ್ಲಿ ತಾನೇ ಓಡಾಡಬಲ್ಲ ಪ್ರಯಾಣಿಕ, ಮತ್ತೊಂದರಲ್ಲಿ ಹತ್ತಿಸಿಕೊಳ್ಳಲಾಗದವನು. ಟಿಕೆಟ್ ಮಾರಿದ್ದು ಒಂದು ಸಂಸ್ಥೆ, ವಿಮಾನ ಹಾರಿಸುವುದು ಇನ್ನೊಂದು ಎಂಬ ಕೋಡ್‌ಶೇರ್ ವ್ಯವಸ್ಥೆಯಲ್ಲಂತೂ ಇದನ್ನು ವಿಶೇಷವಾಗಿ ಗಮನಿಸಬೇಕು. ದುಡ್ಡು ಕಟ್ಟುವ ಮೊದಲು ಆಯಾ ಸಂಸ್ಥೆಗೆ ಫೋನ್ ಮಾಡಿ, ಮಗುವಿನ ವಯಸ್ಸನ್ನೂ ಮಾರ್ಗವನ್ನೂ ಹೇಳಿ, ಸೇವೆ ಸಿಗುತ್ತದೆಂದು ಖಚಿತಪಡಿಸಿಕೊಳ್ಳುವುದು ಬಿಟ್ಟರೆ ಬೇರೆ ದಾರಿಯಿಲ್ಲ.

ಈ ಸೇವೆ ಏನು ಮಾಡುತ್ತದೆ ಎಂಬುದಕ್ಕಿಂತ ಏನು ಮಾಡುವುದಿಲ್ಲ ಎಂಬುದನ್ನು ತಿಳಿದುಕೊಳ್ಳುವುದು ಹೆಚ್ಚು ಮುಖ್ಯ. ಹೊರಡುವ ನಿಲ್ದಾಣದಲ್ಲಿ ಮಗುವನ್ನು ಒಪ್ಪಿಸುವವರು ಮತ್ತು ಇಳಿಯುವಲ್ಲಿ ಪಡೆಯುವವರು ಯಾರೆಂದು ಅರ್ಜಿಯಲ್ಲಿ ಬರೆಸಿಕೊಳ್ಳುತ್ತಾರೆ. ಪಾಸ್‌ಪೋರ್ಟ್ ಮತ್ತು ಕಾಗದಗಳಿರುವ ಚೀಲವನ್ನು ಹಲವು ಕಡೆ ಮಗುವಿನ ಕೊರಳಿಗೇ ಹಾಕುತ್ತಾರೆ. ಸಿಬ್ಬಂದಿಯೊಬ್ಬರು ಭದ್ರತಾ ತಪಾಸಣೆ, ಇಮಿಗ್ರೇಷನ್ ದಾಟಿಸಿ ವಿಮಾನದ ಬಾಗಿಲವರೆಗೆ ಕರೆದೊಯ್ದು ಒಳಗಿನವರಿಗೆ ಒಪ್ಪಿಸುತ್ತಾರೆ. ಇಳಿಯುವಾಗ ಇದೇ ಕೆಲಸ ಹಿಂದುಮುಂದಾಗಿ ನಡೆದು, ಕರೆದೊಯ್ಯಲು ಬಂದವರ ಗುರುತಿನ ಚೀಟಿ ನೋಡಿ, ಸಹಿ ಹಾಕಿಸಿಕೊಂಡು ಮಗುವನ್ನು ಕೊಡುತ್ತಾರೆ. ಆದರೆ ಆಕಾಶದಲ್ಲಿರುವಷ್ಟು ಹೊತ್ತು ಮಗು ಅಪರಿಚಿತರ ನಡುವೆ ತನ್ನ ಸೀಟಿನಲ್ಲಿ ಕುಳಿತಿರುತ್ತದೆ. ಗಗನಸಖಿಯರಿಗೆ ಇಡೀ ವಿಮಾನದ ಸುರಕ್ಷತೆಯ ಹೊಣೆಯಿದೆ. ಅವರು ಆಗಾಗ ಬಂದು ನೋಡಬಲ್ಲರು, ಪಕ್ಕದಲ್ಲಿ ಕೂರಲಾರರು, ಹೊತ್ತುಹೊತ್ತಿಗೆ ಔಷಧ ಕುಡಿಸುವ ಕೆಲಸವನ್ನು ಸಾಮಾನ್ಯವಾಗಿ ಒಪ್ಪಿಕೊಳ್ಳುವುದೂ ಇಲ್ಲ. ವಿಮಾನದೊಳಗೆ ನಡೆಯುವ ಲೈಂಗಿಕ ದೌರ್ಜನ್ಯದ ಬಗ್ಗೆ ಅಮೆರಿಕದ ಎಫ್‌ಬಿಐ 2018ರಲ್ಲಿ ಪ್ರಯಾಣಿಕರನ್ನು ಎಚ್ಚರಿಸುವಾಗ, ಒಂಟಿಯಾಗಿ ಹೋಗುವ ಮಕ್ಕಳಿಗೆ ಓಡಾಡುವ ದಾರಿಯ ಪಕ್ಕದ ಸೀಟನ್ನೇ ಕಾದಿರಿಸಿ, ಸಿಬ್ಬಂದಿಯ ಕಣ್ಣು ಅವರ ಮೇಲೆ ಬೀಳುವಂತಿರಲಿ ಎಂದು ಸಲಹೆ ಕೊಟ್ಟಿತ್ತು. ಮಗು ಕಿಟಕಿಯ ಸೀಟು ಕೇಳುತ್ತದೆ, ನಮಗೂ ಕೊಡಿಸುವ ಆಸೆಯಾಗುತ್ತದೆ. ಈ ಒಂದು ಪ್ರಯಾಣದಲ್ಲಿ ಅದು ಬೇಡ. ಯಾರಾದರೂ ಮುಟ್ಟಿದ್ದು ಇಷ್ಟವಾಗದಿದ್ದರೆ ಗುಂಡಿ ಒತ್ತಿ ಸಿಬ್ಬಂದಿಯನ್ನು ಕರೆ, ಎದ್ದು ಅವರಿದ್ದಲ್ಲಿಗೆ ಹೋಗು, ಗಟ್ಟಿಯಾಗಿ ಹೇಳು, ಅದರಿಂದ ಯಾರೂ ನಿನ್ನನ್ನು ಬೈಯುವುದಿಲ್ಲ ಎಂದು ಮಗುವಿಗೆ ಅರ್ಥವಾಗುವ ಮಾತಿನಲ್ಲಿ, ಹೊರಡುವ ದಿನಕ್ಕೆ ಬಹಳ ಮೊದಲೇ ಹೇಳಿಡಬೇಕು.

ಬರಮಾಡಿಕೊಳ್ಳುವವರಿಂದಲೇ ಏರ್ಪಾಡು ಶುರುವಾಗಬೇಕು ಎಂದು ನಾನು ಹಟ ಹಿಡಿಯುವುದು ಇದರ ಮುಂದಿನ ಹಂತಕ್ಕಾಗಿ. ವಿಮಾನ ತಡವಾಗುತ್ತದೆ, ಹವಾಮಾನ ಕೆಟ್ಟು ಬೇರೊಂದು ಊರಿನಲ್ಲಿ ಇಳಿಯುತ್ತದೆ, ಕೆಲವೊಮ್ಮೆ ರದ್ದಾಗುತ್ತದೆ. ಆಗ ಅರ್ಜಿಯಲ್ಲಿರುವ ವ್ಯಕ್ತಿ ನಡುರಾತ್ರಿಯಲ್ಲೂ ಫೋನ್ ಎತ್ತಬೇಕು, ಹೊತ್ತಲ್ಲದ ಹೊತ್ತಿನಲ್ಲಿ ನಿಲ್ದಾಣಕ್ಕೆ ಬರಬೇಕು. ‘ಆಗಲಿ, ಬರುತ್ತೇನೆ’ ಎಂದು ಮುಲಾಜಿಗೆ ಒಪ್ಪಿದ ದೂರದ ಪರಿಚಯಸ್ಥರಿಂದ ಇದು ಆಗುವ ಕೆಲಸವಲ್ಲ. ಅವರ ಹೆಸರು ಗುರುತಿನ ಚೀಟಿಯಲ್ಲಿರುವಂತೆ ಅಕ್ಷರಕ್ಕೆ ಅಕ್ಷರ ಅರ್ಜಿಯಲ್ಲಿರಬೇಕು. ಮನೆಯಲ್ಲಿ ಕರೆಯುವ ಹೆಸರು ಬರೆದರೆ, ಮಗು ಎದುರಿಗೇ ಓಡಿಬಂದು ಅಪ್ಪಿಕೊಂಡರೂ ಸಿಬ್ಬಂದಿ ಕೊಡಲಾರರು, ಕೊಡಲೂಬಾರದು. ಸಂಸ್ಥೆ ಒಪ್ಪುವುದಾದರೆ ಎರಡನೆಯ ಹೆಸರನ್ನೂ ಬರೆಸಿಡುವುದು ಲೇಸು. ಇತ್ತ ಕಳುಹಿಸಲು ಬಂದವರೂ ಮಗು ಒಳಗೆ ಹೋದ ತಕ್ಷಣ ಮನೆಗೆ ಹೊರಡುವಂತಿಲ್ಲ. ವಿಮಾನ ನೆಲ ಬಿಡುವವರೆಗೆ ನಿಲ್ದಾಣದಲ್ಲೇ ಇರಿ ಎಂದು ಸಂಸ್ಥೆಗಳು ಹೇಳುವುದಕ್ಕೆ ಕಾರಣವಿದೆ: ರನ್‌ವೇವರೆಗೆ ಹೋದ ವಿಮಾನವೂ ಹಿಂದಿರುಗಿ ಎಲ್ಲರನ್ನೂ ಇಳಿಸುವುದುಂಟು. ಇದೇ ಲೆಕ್ಕದಲ್ಲಿ ಸ್ವಲ್ಪ ದುಬಾರಿಯಾದರೂ ನೇರ ವಿಮಾನವನ್ನೇ ಆರಿಸಬೇಕು, ದಿನದ ಕೊನೆಯ ವಿಮಾನವನ್ನು ಬಿಡಬೇಕು. ಕನೆಕ್ಟಿಂಗ್ ಫ್ಲೈಟ್ ತಪ್ಪಿ, ಅಪ್ಪ ಅಮ್ಮನೂ ಇಲ್ಲದ, ಅಜ್ಜಿಯೂ ಇಲ್ಲದ ಮೂರನೆಯ ದೇಶದಲ್ಲಿ ರಾತ್ರಿ ಕಳೆಯುವ ಸಾಧ್ಯತೆಯನ್ನು ಉಳಿಸಿದ ಹಣದಿಂದ ತೂಗಲಾಗದು.

ಕಾಗದಪತ್ರಗಳಲ್ಲಿ ದೇಶಕ್ಕೊಂದು ರೀತಿ. ಫ್ರಾನ್ಸ್‌ನಲ್ಲಿ ವಾಸಿಸುವ ಅಪ್ರಾಪ್ತರು ಪೋಷಕರಿಲ್ಲದೆ ದೇಶ ಬಿಡಬೇಕಾದರೆ ಪೋಷಕರ ಸಹಿಯುಳ್ಳ ಅನುಮತಿ ಪತ್ರ ಬೇಕೆಂಬ ನಿಯಮ 2017ರ ಜನವರಿಯಿಂದ ಮತ್ತೆ ಜಾರಿಯಲ್ಲಿದೆ. ಬ್ರೆಜಿಲ್‌ನ ಮಕ್ಕಳು ಒಂಟಿಯಾಗಿ ಹೊರಡಬೇಕಾದರೆ ತಂದೆತಾಯಿ ಇಬ್ಬರ ದೃಢೀಕೃತ ಒಪ್ಪಿಗೆ ಬೇಕು. ದಕ್ಷಿಣ ಆಫ್ರಿಕಾವಂತೂ ಒಂಟಿಯಾಗಿ ಬರುವ ಮಗುವಿನ ಜೊತೆ, ಅದನ್ನು ಅಲ್ಲಿ ಬರಮಾಡಿಕೊಳ್ಳುವವರು ತಮ್ಮ ವಿಳಾಸ ಸಮೇತ ಬರೆದ ಪತ್ರವನ್ನೂ ಅವರ ಗುರುತಿನ ಪ್ರತಿಯನ್ನೂ ಕೇಳುತ್ತದೆ. ನಾನು ಹೇಳುತ್ತಿರುವ ಕ್ರಮವನ್ನೇ ಆ ದೇಶ ನಿಯಮವಾಗಿ ಬರೆದಿಟ್ಟುಕೊಂಡಿದೆ. ಕಡ್ಡಾಯವಿಲ್ಲದ ಕಡೆಯೂ ಪೋಷಕರಿಬ್ಬರೂ ಸಹಿ ಮಾಡಿ ನೋಟರಿ ಮಾಡಿಸಿದ ಒಪ್ಪಿಗೆ ಪತ್ರ ಜೊತೆಗಿರುವುದು ಒಳ್ಳೆಯದು. ಆ ಪತ್ರದಲ್ಲಿ ಪ್ರಯಾಣದ ದಿನಾಂಕಗಳ ಜೊತೆಗೆ ಇನ್ನೊಂದು ವಾಕ್ಯವನ್ನು ಸೇರಿಸಬೇಕೆಂಬುದು ನನ್ನ ವಿನಂತಿ: ತುರ್ತು ಸಂದರ್ಭದಲ್ಲಿ ಮಗುವಿನ ಚಿಕಿತ್ಸೆಗೆ ಒಪ್ಪಿಗೆ ಕೊಡುವ ಅಧಿಕಾರ ಯಾರಿಗಿದೆ ಎಂಬುದು. ಅಜ್ಜಿ ಎಷ್ಟೇ ಹತ್ತಿರದವರಾದರೂ ಆಸ್ಪತ್ರೆಯ ಕಣ್ಣಿಗೆ ಅವರು ಕಾನೂನುಬದ್ಧ ಪೋಷಕರಲ್ಲ.

ತಂದೆತಾಯಿ ಬೇರೆಯಾಗಿರುವ ಮನೆಗಳಲ್ಲಿ ಇದು ಇನ್ನೂ ಸೂಕ್ಷ್ಮ. ಬೇರೆ ಬೇರೆ ದೇಶಗಳಲ್ಲಿರುವ ಅಪ್ಪ ಅಮ್ಮನ ನಡುವೆ ರಜೆಯಿಂದ ರಜೆಗೆ ಓಡಾಡುವ ಮಕ್ಕಳಿದ್ದಾರೆ, ಈ ಸೇವೆಯ ಅಗತ್ಯ ಬಹುಶಃ ಅವರಿಗೇ ಹೆಚ್ಚು. ಪೋಷಕರೊಬ್ಬರ ಹಕ್ಕನ್ನು ಮೀರಿ ಮಗುವನ್ನು ಬೇರೆ ದೇಶಕ್ಕೆ ಒಯ್ದರೆ ಅಥವಾ ಒಪ್ಪಿದ ಅವಧಿ ಮುಗಿದರೂ ಅಲ್ಲಿಯೇ ಇರಿಸಿಕೊಂಡರೆ, ಆ ಮಗುವನ್ನು ಬೇಗ ಹಿಂದಿರುಗಿಸಬೇಕೆಂದು 1980ರ ಹೇಗ್ ಒಪ್ಪಂದ ಹೇಳುತ್ತದೆ. 16 ವರ್ಷದೊಳಗಿನ ಮಕ್ಕಳಿಗೆ ಅನ್ವಯಿಸುವ ಅದನ್ನು 100ಕ್ಕೂ ಹೆಚ್ಚು ದೇಶಗಳು ಒಪ್ಪಿವೆ, ಒಪ್ಪದ ದೇಶಗಳೂ ಇವೆ. ಆದ್ದರಿಂದ ಇಂಥ ಪ್ರಯಾಣದಲ್ಲಿ ಹೋಗುವ ದಿನ, ಬರುವ ದಿನ ಎರಡೂ ಬರಹದಲ್ಲಿರಬೇಕು, ನ್ಯಾಯಾಲಯದ ಆದೇಶವಿದ್ದರೆ ಅದರ ಪ್ರತಿ ಕಡತದಲ್ಲಿರಬೇಕು. ದೊಡ್ಡವರ ನಡುವೆ ಮಾತು ನಿಂತಿದ್ದರೂ ಮಗುವಿನ ಪ್ರಯಾಣದ ವಿವರಗಳು ಮಾತ್ರ ಇಬ್ಬರ ಫೋನಿನಲ್ಲೂ ಒಂದೇ ಆಗಿರಬೇಕು. ಒಬ್ಬರ ಸಂದೇಶವನ್ನು ಇನ್ನೊಬ್ಬರಿಗೆ ಮುಟ್ಟಿಸುವ ಕೆಲಸವನ್ನು ಮಗುವಿನ ತಲೆಗೆ ಕಟ್ಟುವುದು ಸರಿಯಲ್ಲ.

ಹಣ ಉಳಿಸಲು ಕೆಲವರು ಹಿಡಿಯುವ ಇನ್ನೊಂದು ದಾರಿ ನನಗೆ ಒಪ್ಪಿಗೆಯಾಗುವುದಿಲ್ಲ. 7 ವರ್ಷದ ತಮ್ಮನನ್ನು 15 ವರ್ಷದ ಅಕ್ಕನ ಜೊತೆ ಕಳುಹಿಸಿ, ಇಬ್ಬರಿದ್ದಾರಲ್ಲ, ಸೇವೆ ಯಾಕೆ ಬೇಕು ಎನ್ನುತ್ತಾರೆ. ಜೊತೆಗಾರರಿಗೆ ಇಷ್ಟು ವಯಸ್ಸಾಗಿರಬೇಕೆಂದು ಸಂಸ್ಥೆಗಳು ನಿಗದಿ ಮಾಡಿವೆ, ಕೆಲವು ಕಡೆ 16, ಕೆಲವು ಕಡೆ 18. ಅದನ್ನು ನೋಡದೆ ಹೋದರೆ ಕೌಂಟರಿನಲ್ಲೇ ಪ್ರಯಾಣ ನಿಲ್ಲಬಹುದು. ನಿಯಮ ಅನುಮತಿಸಿದರೂ ಆ ಹುಡುಗಿಯ ಪಾಡನ್ನು ಯೋಚಿಸಬೇಕು. ತಮ್ಮನಿಗೆ ವಾಂತಿಯಾದರೆ, ಇಮಿಗ್ರೇಷನ್ ಅಧಿಕಾರಿ ಬಿಡಿಸಿ ಬಿಡಿಸಿ ಪ್ರಶ್ನೆ ಕೇಳಿದರೆ, ಸಾಮಾನು ಬರದೇ ಹೋದರೆ ಎಲ್ಲಕ್ಕೂ ಅವಳೇ ಉತ್ತರ ಹೇಳಬೇಕು; ಅವಳ ಭಯವನ್ನು ಕೇಳುವವರು ಅಲ್ಲಿ ಯಾರೂ ಇರುವುದಿಲ್ಲ. ಅಕ್ಕ ಜೊತೆಗಿರಲಿ, ಆದರೆ ಹೊಣೆ ದೊಡ್ಡವರದ್ದೇ ಆಗಿರಲಿ. ಸೇವೆಯನ್ನು ಇಬ್ಬರಿಗೂ ತೆಗೆದುಕೊಳ್ಳಿ.

ಇನ್ನು ಮಗುವಿನ ಸಿದ್ಧತೆ. 5 ತುಂಬಿದರೆ ಹೋಗಬಹುದು ಎಂಬುದು ಸಂಸ್ಥೆಯ ಗೆರೆ. ನಿಮ್ಮ ಮಗು ಸಿದ್ಧವಾಗಿದೆಯೇ ಎಂದು ಅದು ಹೇಳುವುದಿಲ್ಲ. ಬೇರೆ ಮನೆಯಲ್ಲಿ ರಾತ್ರಿ ಅಳದೆ ಮಲಗುತ್ತದೆಯೇ, ಹಸಿವಾದರೆ, ಶೌಚಾಲಯಕ್ಕೆ ಹೋಗಬೇಕಾದರೆ ಅಪರಿಚಿತರನ್ನು ಕೇಳುತ್ತದೆಯೇ, ತನ್ನ ಪೂರ್ಣ ಹೆಸರು, ಒಂದು ಫೋನ್ ನಂಬರ್ ಬಾಯಿಪಾಠವಾಗಿದೆಯೇ ಎಂದು ನೋಡಬೇಕು. ಎಲ್ಲಕ್ಕಿಂತ ಮೊದಲು, ಒಂಟಿಯಾಗಿ ಹೋಗುವೆಯಾ ಎಂದು ಕೇಳಿ, ಬೇಡ ಎಂದರೆ ಆ ಮಾತಿಗೆ ಬೆಲೆ ಕೊಡಬೇಕು. ಹೊಗಳಿ ಉಬ್ಬಿಸಿ ಒಪ್ಪಿಸಿದ ಮಗು ಬಾಗಿಲು ದಾಟಿದ ಮೇಲೆ ಮನಸ್ಸು ಬದಲಿಸಿದರೆ ಅದನ್ನು ಸಮಾಧಾನ ಮಾಡಬೇಕಾದವರು ಆಗಷ್ಟೇ ಅದರ ಹೆಸರು ಕೇಳಿದವರು.

ಕೊನೆಯದಾಗಿ, ಹಿಂದಿರುಗುವ ಪ್ರಯಾಣ. ಹೋಗುವ ದಿನದ ಗಡಿಬಿಡಿಯಲ್ಲಿ ಇದನ್ನು ಮರೆಯುವವರೇ ಹೆಚ್ಚು. ಬರುವ ವಿಮಾನಕ್ಕೂ ಸೇವೆಯನ್ನು ಕಾದಿರಿಸಬೇಕು. ಆ ಅರ್ಜಿಯಲ್ಲಿ ಒಪ್ಪಿಸುವವರು ಅಜ್ಜಿ, ಪಡೆಯುವವರು ನಾವು. ಅಜ್ಜಿಗೆ ನಿಲ್ದಾಣದಲ್ಲಿ ಅಷ್ಟು ಹೊತ್ತು ನಿಂತು ಕಾಯಲಾಗುತ್ತದೆಯೇ, ಅಲ್ಲಿನ ಸಿಬ್ಬಂದಿಯ ಭಾಷೆ ಬರುತ್ತದೆಯೇ, ಇಲ್ಲವಾದರೆ ಅವರ ಜೊತೆ ಯಾರು ಹೋಗುತ್ತಾರೆ ಎಂಬುದನ್ನೂ ಹೋಗುವ ಟಿಕೆಟ್ ತೆಗೆಯುವ ಮೊದಲೇ ಕೇಳಿಕೊಳ್ಳಬೇಕು. ನೋಟರಿ ಮಾಡಿಸಿದ ಒಪ್ಪಿಗೆ ಪತ್ರ ಮೂಲಪ್ರತಿಯಾಗಿಯೇ ಮಗುವಿನ ಕೈಚೀಲದಲ್ಲಿ ಹಿಂದಕ್ಕೂ ಬರಬೇಕು. ಅದರ ಒಂದು ಪ್ರತಿ ಅಜ್ಜಿಯ ಮನೆಯಲ್ಲಿ, ಇನ್ನೊಂದು ನಮ್ಮ ಫೋನಿನಲ್ಲಿ ಇರಲಿ.