ನಾಲ್ಕು ಶಿಖರಗಳ ಲೆಕ್ಕಾಚಾರ

ಅಮೆರಿಕದ ಕೊಲರಾಡೋ ರಾಜ್ಯದಲ್ಲಿ 14,000 ಅಡಿ ಮೀರಿದ ಬೆಟ್ಟಗಳನ್ನು ಒಂದೊಂದಾಗಿ ಹತ್ತಿ ಪಟ್ಟಿಯಲ್ಲಿ ಗುರುತು ಹಾಕಿಕೊಳ್ಳುವ ಚಾರಣಿಗರು ಬಹಳ. ಅಂಥವರಿಗೆ ಆಲ್ಮಾ ಎಂಬ ಪುಟ್ಟ ಊರಿನ ಮೇಲ್ಗಡೆಯ ಡೆಕಾಲಿಬ್ರಾನ್ ದಾರಿ ಸಗಟು ವ್ಯಾಪಾರವಿದ್ದಂತೆ. ಡೆಮಾಕ್ರಾಟ್, ಕ್ಯಾಮರಾನ್, ಲಿಂಕನ್ ಮತ್ತು ಬ್ರಾಸ್ ಎಂಬ ನಾಲ್ಕು ಬೆಟ್ಟಗಳನ್ನು ಸುಮಾರು 11 ಕಿಲೋಮೀಟರಿನ ಒಂದೇ ಸುತ್ತಿನಲ್ಲಿ ಮುಗಿಸಬಹುದು. ನನ್ನ ಗೆಳೆಯನಿಗೆ ಬೆಟ್ಟಕ್ಕಿಂತಲೂ ಈ ಸಂಖ್ಯೆಯ ಮೇಲೆಯೇ ಮೋಹ.

ಬೇಸಿಗೆಯ ಮಧ್ಯಾಹ್ನಗಳಲ್ಲಿ ಅಲ್ಲಿ ಸಿಡಿಲು ಬಡಿಯುವುದು ಸಾಮಾನ್ಯವಾದ್ದರಿಂದ ಬೆಳಕು ಹರಿಯುವ ಮೊದಲೇ ಹೊರಡುವುದು ರೂಢಿ. ನಡಿಗೆ ಆರಂಭವಾಗುವ ಕೈಟ್ ಸರೋವರವೇ 12,000 ಅಡಿ ಎತ್ತರದಲ್ಲಿದ್ದು, ಬಗ್ಗಿ ಬೂಟಿನ ದಾರ ಕಟ್ಟಿಕೊಳ್ಳುವಷ್ಟರಲ್ಲಿಯೇ ಏದುಸಿರು ಬರುತ್ತದೆ. ಗಾಳಿಯ ಒತ್ತಡ ಕಡಿಮೆಯಾದಂತೆ ನನ್ನ ಬೆನ್ನುಚೀಲದಲ್ಲಿದ್ದ ಚಿಪ್ಸ್ ಪೊಟ್ಟಣ ಉಬ್ಬುತ್ತ ಹೋಗಿ, ಡೆಮಾಕ್ರಾಟಿನ ಕೊನೆಯ ಏರಿನಲ್ಲಿ ಢಮ್ಮೆಂದು ಒಡೆಯಿತು. ಸಿಡಿಲೆಂದು ಭಾವಿಸಿದ ಗೆಳೆಯ ಊರುಗೋಲುಗಳನ್ನು ಬಿಸಾಡಿ ಕುಕ್ಕರಗಾಲಲ್ಲಿ ಕುಳಿತುಬಿಟ್ಟ. ಆಕಾಶದಲ್ಲಿ ಒಂದು ಚೂರು ಮೋಡವೂ ಇರಲಿಲ್ಲ.

ಒಂದೇ ದಿನ ಹಲವು ಶಿಖರ ಎನ್ನುವಾಗ ಯಾರೂ ಬಾಯಿ ಬಿಡದ ವಿಷಯವೆಂದರೆ ನಡುವಿನ ತಗ್ಗುಗಳು. ಡೆಮಾಕ್ರಾಟಿನ ನೆತ್ತಿಗೆ ಉಸಿರು ಹಿಡಿದು ಹತ್ತಿದವರು ಒಂದು ಫೋಟೋ ತೆಗೆದುಕೊಂಡು, ಬಂದ ದಾರಿಯಲ್ಲೇ 700 ಅಡಿಗೂ ಹೆಚ್ಚು ಇಳಿದು, ಅಷ್ಟನ್ನೂ ಕ್ಯಾಮರಾನ್ ಕಡೆಗೆ ಪುನಃ ಹತ್ತಬೇಕು. ಸಂಪಾದಿಸಿದ ಎತ್ತರವನ್ನು ಕಣ್ಣೆದುರೇ ಕಳೆದುಕೊಳ್ಳುವ ಈ ಸಂಕಟಕ್ಕೆ ಯಾವ ಪಟ್ಟಿಯಲ್ಲೂ ಜಾಗವಿಲ್ಲ.

ಕ್ಯಾಮರಾನಿನ ನೆತ್ತಿ ಜಲ್ಲಿ ಹರಡಿದ ವಿಶಾಲ ಬಯಲು. ನಿಜವಾದ ತುದಿ ತಪ್ಪಿಹೋಗಬಾರದೆಂದು ಗೆಳೆಯ ಎತ್ತರವಾಗಿ ಕಂಡ ಕಲ್ಲುಗಳ ಮೇಲೆಲ್ಲ ಹತ್ತಿ ನಿಂತು ಬಂದ. ಅದನ್ನು ನೋಡಿದ ಹಿರಿಯ ಚಾರಣಿಗರೊಬ್ಬರು, ಪಕ್ಕದ ಎತ್ತರದ ಬೆಟ್ಟಕ್ಕೆ ಸೇರಿಸುವ ತಗ್ಗಿನಿಂದ ಕನಿಷ್ಠ 300 ಅಡಿ ಮೇಲೆದ್ದಿದ್ದರೆ ಮಾತ್ರ ಸ್ವತಂತ್ರ ಶಿಖರವೆಂಬುದು ಇಲ್ಲಿನ ಕಟ್ಟಳೆ, ಕ್ಯಾಮರಾನ್ ಅದರ ಹತ್ತಿರಕ್ಕೂ ಬರುವುದಿಲ್ಲ ಎಂದು ಬಹಳ ಸೌಜನ್ಯದಿಂದ ತಿಳಿಸಿ ಮುಂದೆ ಸಾಗಿದರು. ಅನಂತರ ಲಿಂಕನ್ ತಲುಪುವವರೆಗೂ ಗೆಳೆಯ ಮಾತನಾಡಲಿಲ್ಲ. ಲಿಂಕನ್ ನಾಲ್ಕರಲ್ಲಿ ಅತಿ ಎತ್ತರದ್ದು. ಅಲ್ಲಿನ ಗಾಳಿ ನನ್ನ ಟೋಪಿಯನ್ನು ಒಯ್ದಿತು.

ಬ್ರಾಸ್ ಇನ್ನೂ ವಿಚಿತ್ರ. ಬೆಟ್ಟದ ಮೈತುಂಬ ಹಳೆಯ ಗಣಿಗಳಿರುವುದರಿಂದಲೂ, ತುದಿಯ ಭಾಗ ಖಾಸಗಿ ಸ್ವತ್ತಾದ್ದರಿಂದಲೂ ನೆತ್ತಿಗೆ ಪ್ರವೇಶವಿಲ್ಲ; ಕಾಲುದಾರಿ ಅದರ ಕೆಳಗೇ ಬಳಸಿಕೊಂಡು ಹೋಗುತ್ತದೆ. ಇಷ್ಟು ದೂರ ನಡೆಸಿ ಮೂಗಿಗೆ ತುಪ್ಪ ಸವರುವ ಈ ವ್ಯವಸ್ಥೆಯ ಮುಂದೆ ಗೆಳೆಯ ಬಹಳ ಹೊತ್ತು ನಿಂತು, "ಗರ್ಭಗುಡಿಗೆ ಬಿಡದಿದ್ದರೇನು ಮಾರಾಯ, ಪ್ರದಕ್ಷಿಣೆ ಹಾಕಿದ್ದೇವಲ್ಲ, ಅರ್ಧ ಶಿಖರವೆಂದು ಬರೆದುಕೊಳ್ಳುತ್ತೇನೆ" ಎಂದ. ಹೀಗೆ ನಾಲ್ಕರ ಮೊತ್ತ ಎರಡೂವರೆಗೆ ಇಳಿಯಿತು.

ಉಳಿದದ್ದು ಬ್ರಾಸಿನಿಂದ ಸರೋವರಕ್ಕೆ ಬೀಳುವ ಕಡಿದಾದ ಇಳಿಜಾರು. ಅಲ್ಲಿನ ಸಡಿಲ ಜಲ್ಲಿಯ ಮೇಲೆ ಮುಂದಿಟ್ಟ ಕಾಲು ನಾವು ಬಯಸಿದಲ್ಲಿ ನಿಲ್ಲದೆ ತನಗೆ ಬೇಕಾದಲ್ಲಿಗೆ ಹೋಗುತ್ತದೆ. ತೊಡೆಗಳು ನಡುಗಿ, ಬೂಟಿನ ತುದಿಗೆ ಒತ್ತಿದ ಹೆಬ್ಬೆರಳುಗಳು ಬೊಬ್ಬೆ ಹೊಡೆಯುತ್ತವೆ. ಮೊದಲು ಕುಳಿತವನು ಗೆಳೆಯ. ಕುಳಿತು ಜಾರಿದರೆ ಲೆಕ್ಕಕ್ಕೆ ಬರುತ್ತದೆಯೇ ಎಂದು ಅವನು ಗಂಭೀರವಾಗಿ ಕೇಳಿದಾಗ, 300 ಅಡಿಯ ಕಟ್ಟಳೆ ಮಾಡಿದವರು ಇಳಿಯುವ ಭಂಗಿಯ ಬಗ್ಗೆ ಏನನ್ನೂ ಹೇಳಿಲ್ಲವೆಂದು ನಾನು ತೀರ್ಪು ಕೊಟ್ಟು, ಅವನ ಪಕ್ಕದಲ್ಲಿಯೇ ಕುಳಿತುಕೊಂಡೆ.