ಒಂದು ಥೀಸಿಸ್, ಐದು ಕೂಳೆ

ಕಾಲೇಜಿಗೆ ಗ್ರೇಡ್ ಕೊಡುವ ನ್ಯಾಕ್ ತಂಡ ಬರುತ್ತೆ ಅಂತ ಗೊತ್ತಾದ ವಾರ ಮೂರು ಕೆಲಸ ಆದವು. ಕಾಂಪೌಂಡ್ ಗೋಡೆಗೆ ಸುಣ್ಣ ಬಿತ್ತು. ಕಾರಿಡಾರಿಗೆ ಹೂಕುಂಡಗಳು ಬಂದವು, ಬಾಡಿಗೆಗೆ. ಆಮೇಲೆ ಒಂದು ರೆಪಾಸಿಟರಿ ಹುಟ್ಟಿತು.

ರೆಪಾಸಿಟರಿ ಅಂದರೆ ನಾವು ಬರೆದದ್ದು, ಹಾಡಿದ್ದು, ಕೈಯಲ್ಲಿ ಮಾಡಿದ್ದು ಎಲ್ಲವನ್ನೂ ಜಗತ್ತಿಗೆ ಪುಕ್ಕಟೆ ತೆರೆದಿಡುವ ಕಣಜ. ತಲೆಗೆ ಹತ್ತು ಐಟಂ ಹಾಕಬೇಕು ಅಂತ ಸುತ್ತೋಲೆ ಬಂತು. ಏನು ಹಾಕಬೇಕು ಅಂತ ಅದರಲ್ಲಿ ಇರಲಿಲ್ಲ.

ಸಾಫ್ಟ್‌ವೇರ್ ಹೆಸರು ಈಪ್ರಿಂಟ್ಸ್. ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದವರು 2000ದಲ್ಲಿ ಮಾಡಿ ಬಿಟ್ಟದ್ದು, ಯಾರು ಬೇಕಾದರೂ ಬಳಸಬಹುದು. ನಿಮ್ಮ ಕೃತಿ ಯಾವ ಬಗೆಯದು ಅಂತ ಅದು ಮೊದಲೇ ಕೇಳುತ್ತೆ. ಲೇಖನ, ಪುಸ್ತಕ, ಥೀಸಿಸ್, ಪೇಟೆಂಟ್ ಇದ್ದೇ ಇವೆ. ಅವುಗಳ ಕೆಳಗೆ ಪ್ರದರ್ಶನ, ಸಂಗೀತ ರಚನೆ, ಕಛೇರಿ, ಚಿತ್ರ, ಪ್ರಯೋಗ, ಕೈಕೆಲಸದ ವಸ್ತು. ಕಟ್ಟಕಡೆಗೆ 'ಇತರೆ'. ಮೈಸೂರಿಗೆ ಹೇಳಿ ಮಾಡಿಸಿದ ಪಟ್ಟಿ ಕಣ್ರೀ ಇದು. ವೀಣೆ ನುಡಿಸುವವರು, ಚಿನ್ನದ ರೇಕು ಅಂಟಿಸಿ ಚಿತ್ರ ಬರೆಯುವವರು, ಮರದೊಳಗೆ ಮರ ಕೂರಿಸಿ ಆನೆ ಅಂಬಾರಿ ಎಬ್ಬಿಸುವವರು ಇರುವ ಊರು. ಅವರ ವಿದ್ಯೆಯೂ ವಿದ್ಯೆಯೇ ಅಂತ ಆ ದೂರದವರು ಒಪ್ಪಿ ಜಾಗ ಬಿಟ್ಟಿದ್ದರು.

ಆ ಜಾಗಕ್ಕೆ ಮೊದಲು ಹೋಗಿ ಕೂತದ್ದು ವಾರ್ಷಿಕೋತ್ಸವದ ರಂಗೋಲಿ. ನಿವೃತ್ತರಾದ ಸೂಪರಿಂಟೆಂಡೆಂಟರ ಬೀಳ್ಕೊಡುಗೆ ಭಾಷಣವನ್ನು 'ಕಛೇರಿ' ಅಡಿಯಲ್ಲಿ ಹಾಕಿದರು. ಯಾಕೆ ಅಂದಿದ್ದಕ್ಕೆ, "ಅವರು ಮೂವತ್ತು ವರ್ಷ ಕಚೇರಿಯಲ್ಲೇ ಇದ್ದವರಲ್ವಾ" ಅಂದರು. ಸಮಾಜಶಾಸ್ತ್ರದ ಮೇಡಂ ಮನೆಯ ದಸರಾ ಬೊಂಬೆಗಳ ಫೋಟೊ ಹಾಕಿದರು. ಒಂಬತ್ತು ಮೆಟ್ಟಿಲು, ಮೆಟ್ಟಿಲಿಗೊಂದು ಐಟಂ. ಹತ್ತನೆಯದು ಬೊಂಬೆ ಬಾಗಿನ.

ಪ್ರಿನ್ಸಿಪಾಲರ ಮಗಳ ಮದುವೆ ಕರೆಯೋಲೆಗೆ ಮಾತ್ರ ಕಾಲೇಜಿನ ಕಣಜ ಚಿಕ್ಕದಾಯಿತು. ಅದು ಝೆನೋಡೊಗೆ ಹೋಯಿತು. ಹಿಗ್ಸ್ ಬೋಸಾನ್ ಹುಡುಕಿದ ಸರ್ನ್ ಪ್ರಯೋಗಾಲಯ 2013ರಿಂದ ನಡೆಸುತ್ತಿರುವ ಭಂಡಾರ ಅದು. ಹಾಕಿದ್ದಕ್ಕೆಲ್ಲ ಡಿಒಐ ಅನ್ನುವ ಕಾಯಂ ನಂಬರ್ ಕೊಡುತ್ತೆ. ಮುಹೂರ್ತ, ಛತ್ರದ ವಿಳಾಸ, 'ಉಡುಗೊರೆಗಳನ್ನು ಸ್ವೀಕರಿಸಲಾಗುವುದಿಲ್ಲ', ಎಲ್ಲಕ್ಕೂ ಸೇರಿ ಒಂದು ನಂಬರ್. ಮದುವೆ ಮುಗಿದ ಮೇಲೆ ತೆಗೆಸೋಣ ಅಂದರೆ ಪೂರ್ತಿ ಹೋಗಲ್ಲ. ಫೈಲ್ ಹೋದರೂ 'ಇಲ್ಲೊಂದು ಇತ್ತು' ಅಂತ ಪುಟ ಉಳಿಯುತ್ತೆ, ನಮ್ಮೂರ ಕಡೆಯ ವೀರಗಲ್ಲಿನ ಹಾಗೆ.

ಇನ್ನು ನನ್ನ ಕಥೆ. ನಾನು ಅತಿಥಿ ಉಪನ್ಯಾಸಕ. ಊಟಕ್ಕೆ ಏಳಿ ಅಂತ ಯಾರೂ ಕರೆಯದ ಅತಿಥಿ. ನಮಗೆ ಆರು ಐಟಂ ಸಾಕು ಅಂತ ರಿಯಾಯಿತಿ ಇತ್ತು. ನನ್ನ ಹತ್ತಿರ ಇದ್ದದ್ದು ಒಂದೇ ಥೀಸಿಸ್: ಮಂಡ್ಯ ಕಡೆಯ ಆಲೆಮನೆ ಮಾತುಗಳು. ಗಾಣ, ಕಬ್ಬಿನ ಹಾಲು, ಕೊಪ್ಪರಿಗೆ, ಪಾಕ, ಅಚ್ಚು, ಇವುಗಳ ಸುತ್ತ ಹಿರಿಯರು ಆಡುತ್ತಿದ್ದ ಮಾತು. ಮೂರನೇ ಅಧ್ಯಾಯ ಕಿತ್ತು ಲೇಖನ ಮಾಡಿದೆ. ಅದನ್ನೇ ಮೊಟಕು ಮಾಡಿದರೆ ಸೆಮಿನಾರ್ ಪ್ರಬಂಧ. ದಪ್ಪ ಅಕ್ಷರದಲ್ಲಿ ಹಾಕಿದರೆ ಪೋಸ್ಟರ್. ಪದಗಳ ಪಟ್ಟಿಯನ್ನು ಎಕ್ಸೆಲ್‌ಗೆ ಸುರಿದರೆ ಡೇಟಾಸೆಟ್. ವೈವಾ ದಿನ ಹಾರ ಹಾಕಿಸಿಕೊಂಡ ಫೋಟೊ, 'ಚಿತ್ರ'.

ನಮ್ಮ ಅಟೆಂಡರ್ ಪಾಂಡವಪುರದವರು. ಸ್ಕ್ಯಾನರ್ ಪಕ್ಕ ನಿಂತು ಎಲ್ಲ ನೋಡುತ್ತಿದ್ದರು. "ಇದು ಕೂಳೆ ಅಲ್ವಾ ಸಾ?" ಅಂದರು. ಕಬ್ಬು ಕಡಿದ ಮೇಲೆ ಬುಡ ಅಲ್ಲೇ ಬಿಟ್ಟರೆ ಮತ್ತೆ ಚಿಗುರುತ್ತಲ್ಲ, ಅದು. "ನಮ್ಮಲ್ಲಿ ಮೂರ್ನೇ ಕೂಳೆಗೇ ಇಳುವರಿ ಬಿದ್ದೋಯ್ತದೆ. ನೀವು ಐದು ತೆಗ್ದ್ರಲ್ಲ ಸಾ!"

ಒಳಗೇ ಭಯ ಇತ್ತು. ಕೃತಿಚೌರ್ಯ ತಡೆಯುವ ಯುಜಿಸಿಯ 2018ರ ನಿಯಮದಂತೆ ಥೀಸಿಸ್‌ನಲ್ಲಿ ಬೇರೆ ಬರಹದ ಜೊತೆ ಶೇಕಡಾ 10ರವರೆಗೆ ಹೋಲಿಕೆ ಇದ್ದರೆ ಶಿಕ್ಷೆ ಇಲ್ಲ. 60 ದಾಟಿದರೆ ನೋಂದಣಿಯೇ ರದ್ದು. ನನ್ನ ಆರೂ ಐಟಂ ಒಂದೇ ತಾಯಿಯ ಮಕ್ಕಳು. ಹೋಲಿಕೆ ಹುಡುಕುವ ಸಾಫ್ಟ್‌ವೇರ್‌ಗೆ ಕೊಟ್ಟರು. ವರದಿ ಬಂತು: ಸೊನ್ನೆ.

ಕಾರಣ ಕನ್ನಡ ಟೈಪಿಂಗಿನ ಹಳೇ 'ನುಡಿ' ತಂತ್ರಾಂಶ. ಅದರಲ್ಲಿ ಟೈಪ್ ಮಾಡಿದ್ದು ನಮ್ಮ ಕಣ್ಣಿಗೆ ಕನ್ನಡ. ಯೂನಿಕೋಡ್ ಅಲ್ಲವಾದ್ದರಿಂದ ಯಂತ್ರದ ಕಣ್ಣಿಗೆ ಅದು ಇಂಗ್ಲಿಷ್ ಅಕ್ಷರಗಳಿಗೆ ಕೊಂಬು, ಬಾಲ ಹಚ್ಚಿದ ಯಾವುದೋ ಭಾಷೆ. ಲೈಬ್ರರಿಯನ್ ಮೇಡಂ ಶಹಭಾಸ್ ಅಂದರು. ನಾನು ಖುಷಿಯಲ್ಲಿ ಹುಡುಕು ಪೆಟ್ಟಿಗೆಯಲ್ಲಿ 'ಬೆಲ್ಲ' ಅಂತ ಹೊಡೆದೆ. ಏನೂ ಸಿಗಲಿಲ್ಲ. 'ಕಬ್ಬು' ಹೊಡೆದೆ. ಅದೂ ಇಲ್ಲ. ಬೆಲ್ಲದ ಮೇಲೆ ನಾನೂರು ಪುಟ ಇದೆ, ಬೆಲ್ಲ ಇಲ್ಲ. ಗುಜರಾತಿನ ಗಾಂಧಿನಗರದಲ್ಲಿ ಇನ್‌ಫ್ಲಿಬ್‌ನೆಟ್‌ನವರು ನಡೆಸುವ, ದೇಶದ ಥೀಸಿಸ್‌ಗಳ ಭಂಡಾರವಾದ ಶೋಧಗಂಗಾದಲ್ಲೂ ಕನ್ನಡ ಥೀಸಿಸ್ ಎಷ್ಟೋ ಹೀಗೇ ಮಲಗಿವೆ.

1905ರ ಹೊತ್ತಿಗೆ ಇದೇ ಊರಿನ ಓರಿಯಂಟಲ್ ಲೈಬ್ರರಿಗೆ ತಂಜಾವೂರು ಕಡೆಯ ಪಂಡಿತರೊಬ್ಬರು ತಾಳೆಗರಿಯ ಕಟ್ಟೊಂದನ್ನು ಕೊಟ್ಟು ಹೋದರು. ಲೈಬ್ರರಿಯಲ್ಲಿದ್ದ ಆರ್. ಶಾಮಶಾಸ್ತ್ರಿಗಳು ಬಿಚ್ಚಿ ಓದಿದರು. ಕೌಟಿಲ್ಯನ ಅರ್ಥಶಾಸ್ತ್ರ! 1909ರಲ್ಲಿ ಅಚ್ಚಾಯಿತು. ಆ ಪಂಡಿತರು ನಮ್ಮ ಕಾಲೇಜಿಗೆ ಬಂದಿದ್ದರೆ ಲೇಖಕರ ಈಮೇಲ್ ಖಾನೆ ತುಂಬದೆ ಮುಂದಿನ ಪುಟ ತೆರೆಯುತ್ತಿರಲಿಲ್ಲ. ಶಾಮಶಾಸ್ತ್ರಿಗಳು ಮಾಡಿದ್ದು ಒಂದೇ, ಬಂದದ್ದನ್ನು ಓದಿದರು. ನಮ್ಮ ಸುತ್ತೋಲೆಯಲ್ಲಿ ಓದುವ ಕೆಲಸ ಯಾರಿಗೂ ಹಂಚಿರಲಿಲ್ಲ.

ತಂಡದವರೂ ಓದಲಿಲ್ಲ. ಐಟಂಗಳ ಗ್ರಾಫ್ ನೋಡಿ ತಲೆಯಾಡಿಸಿದರು, ಮೈಸೂರು ಪಾಕ್ ತಿಂದರು, ಹೋದರು. ಕುಂಡಗಳೂ ಹೋದವು.

ಸೆಮಿಸ್ಟರ್ ಮುಗಿದ ಮೇಲೆ ಕುಕ್ಕರಹಳ್ಳಿ ಕೆರೆ ಹತ್ತಿರದ ಟೀ ಅಂಗಡಿಯಲ್ಲಿ ಅಟೆಂಡರ್ ಸಿಕ್ಕರು. "ಸಾ, ನಮ್ಮ ದೊಡ್ಡಪ್ಪ ಹೇಳಿದ್ ಮಾತು ನಿಮ್ ಬುಕ್ಕಲ್ಲಿ ಅದೆ ಅಂದಿದ್ರಲ್ಲ. ಫೋನಲ್ಲಿ ಒಂದ್ಸಲ ತೋರ್ಸಿ."

ತೆರೆದೆ. ಬೀಗದ ಚಿತ್ರ ಬಂತು. ಆಗ ನೆನಪಾಯಿತು. ಫಾರ್ಮ್ ತುಂಬುವಾಗ 'ಎಂಬಾರ್ಗೊ' ಅಂತ ಒಂದು ಖಾನೆ ಇತ್ತು. ಟಿಕ್ ಹಾಕಿ, ಇಲ್ಲದಿದ್ದರೆ ಯಾರಾದರೂ ಕದೀತಾರೆ ಅಂತ ಪಕ್ಕದವರು ಅಂದಿದ್ದರು. ಹಾಕಿದ್ದೆ. ಮೂರು ವರ್ಷ ಬೀಗ. ಕೆಳಗೆ 'ಪ್ರತಿ ಕೇಳಿ' ಅಂತ ಗುಂಡಿ ಇತ್ತು, ಒತ್ತಿದೆ. ಕೋರಿಕೆ ನೇರ ಲೇಖಕರಿಗೆ ಹೋಗುತ್ತೆ, ಅಂದರೆ ನನ್ನ ಕಾಲೇಜಿನ ಮೇಲ್‌ಗೆ. ಸೆಮಿಸ್ಟರ್ ಮುಗಿದ ಸಂಜೆಯೇ ಅತಿಥಿಗಳ ಮೇಲ್ ಮುಚ್ಚುತ್ತಾರೆ.

"ಬರ್ದೋರು ನೀವೇ ಅಲ್ವಾ ಸಾ? ನಿಮ್ಮನ್ನೇ ಕೇಳಿ" ಅಂದರು.

"ಕೇಳಿದ್ದೀನಿ. ಇನ್ನೂ ಉತ್ತರ ಬಂದಿಲ್ಲ."