ಸ್ಟೀರಿಂಗ್ ಕ್ಲಚ್ ದಂಡದ ಖರ್ಚಲ್ಲ

ಸಣ್ಣ ಹಿಡುವಳಿಗೆ ಸ್ಟೀರಿಂಗ್ ಕ್ಲಚ್ (ತಿರುಗಿಸೋಕೆ ಒಂದು ಬದಿಯ ಚಕ್ರಕ್ಕೆ ಎಂಜಿನ್ ಶಕ್ತಿ ತಪ್ಪಿಸೋ ಲಿವರ್) ಇಲ್ಲದ ಕಳೆ ತೆಗೆಯೋ ಯಂತ್ರ, ಅಂದರೆ ವೀಡರ್, ಸಾಕು, ಮಿಕ್ಕಿದ್ದು ದಂಡದ ಖರ್ಚು ಅಂತ ಇಲ್ಲಿ ಬಂದ ಲೇಖನದಲ್ಲಿದೆ. ನೇರ ಸಾಲಿಗೆ ಸರಿ. ಆದರೆ ನಮ್ಮ ಚಿಂತಾಮಣಿ ಕಡೆ ಹಿಪ್ಪುನೇರಳೆ ಸಾಲು ಮುಗಿಯೋ ಹೊತ್ತಿಗೆ ಬದು ಎದುರಿಗೇ ಇರುತ್ತೆ. ಎರಡೂ ಚಕ್ರ ಒಂದೇ ಆಕ್ಸಲ್‌ಗೆ ಬಿಗಿದ ಯಂತ್ರವನ್ನ ಅಲ್ಲಿ ಮೈಭಾರ ಹಾಕಿ ಎಳೆದೇ ತಿರುಗಿಸಬೇಕು. ಸ್ಟೀರಿಂಗ್ ಕ್ಲಚ್ ಇರೋ ಟಿಲ್ಲರಲ್ಲಾದರೆ (ಕೈಯಲ್ಲಿ ಹಿಡಿದು ನಡೆಸೋ ಉಳುಮೆ ಯಂತ್ರ) ಎಡ ಹಿಡಿಯ ಲಿವರ್ ಒತ್ತಿದರೆ ಸಾಕು, ಎಡಚಕ್ರಕ್ಕೆ ಎಂಜಿನ್ ಶಕ್ತಿ ನಿಲ್ಲುತ್ತೆ, ಬಲಚಕ್ರ ತಳ್ಳುತ್ತೆ, ಗಾಡಿ ಎಡಕ್ಕೆ ಹೊರಳುತ್ತೆ.

ಲೇಖನ ಬಿಟ್ಟಿರೋದು ಇಳಿಜಾರಿನ ವಿಷಯ. ಕೆಳಕ್ಕೆ ಇಳಿಯುವಾಗ ಅದೇ ಎಡ ಲಿವರ್ ಒತ್ತಿ ನೋಡಿ, ಬಲಕ್ಕೆ ತಿರುಗುತ್ತೆ! ಹಿಡಿತ ಬಿಟ್ಟ ಎಡಚಕ್ರ ಮುಂದೋಡುತ್ತೆ, ಬಲಚಕ್ರ ಎಂಜಿನ್ ವೇಗಕ್ಕೇ ಕಟ್ಟುಬಿದ್ದಿರುತ್ತೆ. ಕೆರೆ ಏರಿ ಇಳಿಸುವಾಗ ಹೊಸಬರು ಗಾಬರಿಯಾಗೋದು ಇಲ್ಲೇ. ಲಿವರ್ ಮುಟ್ಟದೆ, ಲೋ ಗೇರಲ್ಲಿ ಹ್ಯಾಂಡಲನ್ನೇ ತಳ್ಳಿ ತಿರುಗಿಸಿ.

ಡಿಫರೆನ್ಷಿಯಲ್ (ತಿರುವಿನಲ್ಲಿ ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ಸುತ್ತೋಕೆ ಬಿಡೋ ಗೇರ್) ಇದ್ದರೆ ಲಿವರ್ ಗೋಜೇ ಇಲ್ಲ ಅಂತ ಕೆಲವರು ಇಲ್ಲಿ ಬರೆದಿದ್ದೀರಿ. ಚಳಿದೇಶಗಳಲ್ಲಿ ಹಿಮ ತೆಗೆಯೋ ಸ್ನೋ ಬ್ಲೋವರ್‌ನಲ್ಲೂ ಬಿಗಿ ಆಕ್ಸಲ್, ಸ್ಟೀರಿಂಗ್ ಕ್ಲಚ್, ಡಿಫರೆನ್ಷಿಯಲ್ ಈ ಮೂರೂ ಬಗೆ ಇವೆ. ಅಲ್ಲಿ ಹಿಮ, ನಮಗೆ ಕೆಸರು. ಒಂದು ಚಕ್ರ ಹೂತರೆ ಡಿಫರೆನ್ಷಿಯಲ್ ಅದನ್ನೇ ಸುಮ್ಮನೆ ಸುತ್ತಿಸುತ್ತೆ, ಎರಡೂ ಚಕ್ರವನ್ನ ಒಟ್ಟಿಗೆ ಬಿಗಿಯೋ ಲಾಕ್ ಇಲ್ಲದಿದ್ದರೆ ಕತೆ ಮುಗೀತು. ಡೆಮೊ ಕೇಳೋದಾದರೆ ಶೋರೂಮಿನ ಸಿಮೆಂಟ್ ನೆಲದಲ್ಲಲ್ಲ, ನೀರು ಕಟ್ಟಿದ ಹೊಲದಲ್ಲಿ ಕೇಳಿ.